ಡ್ರೈವರ್ ಹೆಂಗೆ ಅಂತ ವಿಚಾರಿಸಿದ್ದಕ್ಕೆ

ಬೇರೆಯೋರು ಒಂದು ಕೆಲಸಕ್ಕೆ ಹೋದ್ರೆ ಆ ಕೆಲಸ ಆಗುತ್ತೆ. ನಾನು ಹೋದ್ರೆ ಇನ್ನೇನೋ ಆಗುತ್ತೆ.

ಗುಂಡ್ಲುಪೇಟೆಯ ಒಂದು ಖಾಸಗಿ ಸ್ಕೂಲಲ್ಲಿ ನಾನು ಗುಮಾಸ್ತ. ಈ ಸಲ ಬೇಸಿಗೆ ರಜದಲ್ಲಿ ಹೆಡ್ ಮೇಡಂ ಕರೆದು, "ಮಕ್ಕಳ ಹತ್ರ ಕೆಲಸ ಮಾಡೋರೆಲ್ಲರ ಹಿನ್ನೆಲೆ ನೋಡ್ಬೇಕು. ಪೊಲೀಸ್ ವೆರಿಫಿಕೇಷನ್ ಒಂದೇ ಸಾಲ್ದು, ನೀವೂ ನಾಲ್ಕು ಜನರನ್ನ ಕೇಳಿ" ಅಂದ್ರು. ಒಳ್ಳೇ ಮಾತೇ. ಮನೆ ಬಾಡಿಗೆಗೆ ಕೊಡೋವಾಗ ಮಾಂಸ ತಿಂತೀರಾ, ನೆಂಟರು ಬರ್ತಾರಾ ಅಂತೆಲ್ಲ ಕೇಳ್ತೀವಿ. ಮಕ್ಕಳನ್ನ ಮಾತ್ರ ಯಾವ ಗಾಡಿಗೆ ಬೇಕಾದ್ರೂ ಹತ್ತಿಸಿ ಟಾಟಾ ಮಾಡ್ತೀವಿ.

ಇದ್ರಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೋನು ಹೊಸ ವ್ಯಾನ್ ಡ್ರೈವರ್. ಹರವೆ ಕಡೆಯೋನು. ಈರುಳ್ಳಿ ಲಾರಿ ಓಡಿಸ್ತಿದ್ದ, ಓನರ್ ಲಾರಿ ಮಾರ್ಬಿಟ್ಟಿದ್ದ. ವಿಚಾರಣೆ ಮುಗಿಯೋವರೆಗೂ ಕೀ ಕೊಡಲ್ಲ ಅಂದಿದ್ವಿ. ಆದ್ರೂ ದಿನಾ ಬಂದು ನಿಂತಿರೋ ವ್ಯಾನ್ ತೊಳೆಯೋನು.

"ಕೆಲ್ಸ ಆಯ್ತದಾ ಸಾ?"

"ಆಗ್ತದೆ ಇರಪ್ಪ. ಬಣ್ಣ ಹೋಗೋ ಹಾಗೆ ಉಜ್ಜಬೇಡ."

ಆಯಮ್ಮ

ಮೊದಲು ನಮ್ಮ ಹಳೇ ಆಯಮ್ಮನ್ನ ಸ್ಟೇಷನ್ನಿಗೆ ಕರ್ಕೊಂಡು ಹೋದೆ. ದಾರಿಯುದ್ದಕ್ಕೂ ಬೈಗುಳ. "ನಾನೇನ್ ಕಳ್ಳಿನಾ? ಊರ್ನ ಅರ್ಧ ಮಕ್ಳ ಚಡ್ಡಿ ಒಗ್ದಿವ್ನಿ!"

ಮೇಜಿನ ಹಿಂದೆ ಕೂತಿದ್ದ ಪೊಲೀಸಪ್ಪ ತಲೆ ಎತ್ತದೆ, "ನಿಮ್ಮನ್ನ ಗುರುತು ಹಿಡಿಯೋರು ಯಾರಾದ್ರೂ ಇದಾರಾ?" ಅಂದ.

ಆಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ನೀನೇ ಹಿಡಿ ಕಣ್ಲಾ! ಎಲ್‌ಕೇಜೀಲಿ ಸೀಮೆಸುಣ್ಣ ತಿಂತಿದ್ದೋನು ನೀನೇ ಅಲ್ವಾ?"

ಸ್ಟೇಷನ್ನೆಲ್ಲ ತಿರುಗಿ ನೋಡ್ತು. ಪೊಲೀಸಪ್ಪ ಎದ್ದು ನಿಂತು ಕುರ್ಚಿ ಕೊಟ್ಟ. ಆಯಮ್ಮ ಕೂತ್ಕೊಂಡು ವಿಚಾರಣೆ ಶುರು ಮಾಡಿದಳು. "ಈಗ ಬುಟ್ಟಿದ್ದೀಯಾ, ಇನ್ನೂ ತಿಂತೀಯಾ?"

ಕರಾಟೆ ಮಾಸ್ಟರು

ಕರಾಟೆ ಕಲಿಸೋಕೆ ಚಾಮರಾಜನಗರದಿಂದ ಒಬ್ಬರು ಬಂದ್ರು. "ಹಿಂದಿನ ಸ್ಕೂಲಿನ ಹೆಡ್ ಮಾಸ್ಟರ್ ನಂಬರ್ ಕೊಡಿ" ಅಂದೆ. ಕೊಟ್ಟು, "ಫೀಲ್ಡ್ ನೋಡ್ಕೊಂಡು ಬರ್ತೀನಿ" ಅಂತ ಎದ್ದು ಹೋದ್ರು. ನಾನು ಫೋನ್ ಮಾಡಿದೆ. ಕಿಟಕಿ ಆಚೆ ಬೇವಿನ ಮರದ ಹಿಂದೆ ರಿಂಗ್ ಆಯ್ತು. ಮಾಸ್ಟರೇ ಎತ್ತಿ, ಗಂಟಲು ದಪ್ಪ ಮಾಡ್ಕೊಂಡು, "ಹೆಡ್ ಮಾಸ್ಟರ್ ಮಾತಾಡೋದು" ಅಂದ್ರು.

ಇಷ್ಟು ಕಷ್ಟಪಡ್ತಿದಾರಲ್ಲ ಅಂತ ನಾನೂ ಮಾತಾಡಿದೆ. "ನಿಮ್ಮ ಕರಾಟೆ ಮಾಸ್ಟರು ಹೆಂಗೆ ಸಾರ್?"

"ಅಪರಂಜಿ!"

"ಒಂದು ದೋಷಾನೂ ಇಲ್ವಾ?"

ಬರೀ ಹೊಗಳಿದ್ರೆ ನಂಬಲ್ಲ ಅನ್ನಿಸ್ತೇನೋ. ಸ್ವಲ್ಪ ಯೋಚನೆ ಮಾಡಿ, "ಕೋಪ ಒಂಚೂರು ಜಾಸ್ತಿ. ಮಕ್ಕಳಿಗೆ ಎರಡು ಬಿಗಿದ್ಬಿಡ್ತಾರೆ" ಅಂದ್ರು.

ಕೆಲಸ ಇಲ್ಲ ಅಂದಾಗ ಜಗಳಕ್ಕೇ ನಿಂತ್ರು. "ಯಾರ್ರೀ ನನ್ನ ಮೇಲೆ ಚಾಡಿ ಹೇಳಿದ್ದು?"

"ನಿಮ್ಮ ಹೆಡ್ ಮಾಸ್ಟರೇ ಸಾರ್."

ಡ್ರೈವರು

ಕೊನೆಗೆ ಡ್ರೈವರ್ ಸರದಿ. ಪೊಲೀಸಿನೋರದ್ದು ಮುಗಿದಿತ್ತು, ಊರಲ್ಲಿ ಕೇಳೋದೊಂದು ಬಾಕಿ. "ಯಾಕೆ ಅಂತ ಹೇಳ್ಬೇಡಿ, ಸುಮ್ನೆ ಪಾಪದೋನ ಹೆಸರು ಕೆಡುತ್ತೆ" ಅಂತ ಮೇಡಂ ಹೇಳಿ ಕಳಿಸಿದ್ರು. ಒಗೆದ ಬಿಳಿ ಷರಟು ಹಾಕ್ಕೊಂಡು ಅವನ ಊರಿಗೆ ಹೋದೆ. ಟೀ ಅಂಗಡೀಲಿ ಒಬ್ಬರು ಯಜಮಾನರು ಕೂತಿದ್ರು. ಗುಂಡ್ಲುಪೇಟೆ ಸ್ಕೂಲಿಂದ ಬಂದಿದೀನಿ ಅಂತಷ್ಟೇ ಹೇಳಿ, ಡ್ರೈವರ್ ಹೆಸರು ಹಿಡಿದು, ಹುಡುಗ ಹೆಂಗೆ, ಕುಡಿತ ಗಿಡಿತ ಉಂಟಾ, ಮನೆತನ ಹೆಂಗೆ ಅಂತ ಮೆಲ್ಲಗೆ ಕೇಳಿದೆ.

ನಮ್ಮ ಕಡೆ ಬಿಳಿ ಷರಟಿನೋನು ಬಂದು ಹೀಗೆಲ್ಲ ಕೇಳಿದ್ರೆ ಅದಕ್ಕೆ ಒಂದೇ ಅರ್ಥ, ಹೆಣ್ಣು ಕೊಡೋಕೆ ಬಂದವ್ನೆ ಅಂತ. ಅದು ನನಗೆ ಆಗ ಹೊಳೀಲಿಲ್ಲ.

ಯಜಮಾನರು ಗಾಬರಿಯಾಗಿ, "ಅವನ ಹೆಂಡ್ತಿ ಒಪ್ಪವ್ಳಾ ಸ್ವಾಮಿ?" ಅಂದ್ರು.

ಕೆಲಸಕ್ಕೆ ಹೆಂಡ್ತಿ ಒಪ್ಪಿಗೆ ಯಾಕೆ ಅನ್ಕೊಂಡು, "ಅವಳೇನೂ ಒಪ್ಪಬೇಕಾಗಿಲ್ಲ ಯಜಮಾನ್ರೇ. ಪೊಲೀಸಿನೋರು ಒಪ್ಪಿ ಆಗಿದೆ" ಅಂದೆ.

ಯಜಮಾನರ ಕೈಲಿದ್ದ ಟೀ ಪಂಚೆ ಮೇಲೆ ಚೆಲ್ತು.

ಮಾರನೇ ದಿನ ಸ್ಕೂಲ್ ಗೇಟ್ ತೆಗೆಯೋ ಹೊತ್ತಿಗೇ ಡ್ರೈವರ್ ಹೆಂಡ್ತಿ ಬಂದು ನಿಂತಿದ್ಲು. ಡ್ರೈವರ್ ಬಕೆಟ್ ಬಿಟ್ಟು ವ್ಯಾನಿನ ಒಳಗೆ ಸೇರ್ಕೊಂಡ. ಅವಳು ಸೀದಾ ಹೆಡ್ ಮೇಡಂ ರೂಮಿಗೆ ನುಗ್ಗಿ, "ನನ್ ಗಂಡನ್ಗೆ ಎರಡ್ನೇ ಮದ್ವೆ ಮಾಡ್ಸಕ್ಕೆ ನಿಮ್ ಇಸ್ಕೂಲ್ನಿಂದ ಜನ ಕಳ್ಸಿದ್ರಂತೆ? ಆ ಮನ್ಸನ್ ಯೋಗ್ಯತೆ ಗೊತ್ತಾ ನಿಮ್ಗೆ?" ಅಂದ್ಲು.

ಮೇಡಂ ನನ್ನ ಕಡೆ ಒಂದು ಸಲ ನೋಡಿದ್ರು. ಆಮೇಲೆ ತಣ್ಣಗೆ, "ಗೊತ್ತಿಲ್ಲ, ನೀವೇ ಹೇಳಿಯಮ್ಮ. ಕುಡೀತಾರಾ?" ಅಂದ್ರು.

"ಕುಡಿಯಕ್ಕೆ ಧೈರ್ಯ ಬ್ಯಾಡ್ವಾ!"

"ಹೊಡೆಯೋದು ಬಡಿಯೋದು?"

"ಕೋಳಿ ಓಡ್ಸಕ್ಕೂ ಕೈ ಎತ್ತಾಕಿಲ್ಲ."

"ಮಕ್ಕಳ ಹತ್ರ ಹೆಂಗೆ?"

"ಹೆಗಲ್ ಮ್ಯಾಲೆ ಹತ್ತಿ ಕುಂತ್ರೂ ಇಳೀರ್ಲಾ ಅನ್ನಾಕೆ ಬಾಯಿಲ್ಲ. ಬೀದಿ ಮಕ್ಕಳೆಲ್ಲಾ ನಮ್ಮನೇಲೇ."

"ಗಾಡಿ ಜೋರಾ?"

"ಅಯ್ಯೋ, ಸೈಕಲ್ನೋರು ಬೆಲ್ ಹೊಡ್ಕೊಂಡು ಮುಂದಕ್ಕೋಯ್ತರೆ! ನಾಚ್ಕೆ ಆಯ್ತದೆ ಪಕ್ಕದಲ್ ಕುಂತ್ಕಳಕ್ಕೆ. ಇಂಥವ್ನಿಗೆ ಇನ್ನೊಂದ್ ಮದ್ವೆ ಬ್ಯಾರೆ!"

ಮೇಡಂ ನನ್ನ ಕಡೆ ತಿರುಗಿ, "ಕೀ ಕೊಟ್ಬಿಡಿ" ಅಂದ್ರು. ಆಮೇಲೆ ಅವಳಿಗೆ ಬಿಡಿಸಿ ಹೇಳಿದ್ರು, ಇದು ಮದುವೆ ವಿಷಯ ಅಲ್ಲ, ವ್ಯಾನ್ ಓಡಿಸೋ ಕೆಲಸದ ವಿಷಯ ಅಂತ.

ಹೆಂಗಸು ಹಣೆ ಬಡ್ಕೊಂಡ್ಲು. ಗಂಡನ ಅನ್ನಕ್ಕೆ ತಾನೇ ಕಲ್ಲು ಹಾಕ್ಬುಟ್ಟೆ ಅನ್ನಿಸಿರಬೇಕು. ಸೆರಗು ಸರಿ ಮಾಡ್ಕೊಂಡು, ಕೈ ಮುಗಿದು, ಅಳೋ ದನೀಲಿ ಅಂದ್ಲು:

"ಇಷ್ಟೊತ್ತು ನಾನೇಳಿದ್ದೆಲ್ಲಾ ಸುಳ್ಳು ಕಣ್ರವ್ವಾ. ಅವ್ರು ಬಾಳ ಧೈರ್ಯಸ್ಥರು. ಗಾಡೀನ ನೀವ್ ಎಷ್ಟ್ ಜೋರಾಗಿ ಅಂದ್ರೆ ಅಷ್ಟ್ ಜೋರಾಗಿ ಓಡುಸ್ತರೆ!"