ತಪ್ಪು ಒಪ್ಪಿಕೊಳ್ಳುವ ಚಿಕ್ಕಮ್ಮನೂ ನನ್ನ ಪಾಲಿಸಿಯೂ

ನನ್ನ ಚಿಕ್ಕಮ್ಮನಂಥ ಸತ್ಯವಂತರಿಗೆ ಡ್ರೈವಿಂಗ್ ಲೈಸೆನ್ಸ್ ಕೊಡಲೇಬಾರದು! ಇದು ಅವರ ಕಾರಿಗೆ ಇನ್ಶೂರೆನ್ಸ್ ಮಾಡಿಸಿಕೊಟ್ಟ ಏಜೆಂಟನ, ಅಂದರೆ ಈ ಬಡಪಾಯಿಯ ಅಭಿಪ್ರಾಯ.

ಮುಂಬಯಿಯಲ್ಲಿ ಮೂವತ್ತು ವರ್ಷ ಕ್ಯಾಂಟೀನು ನಡೆಸಿ ಬಿಜೂರಿಗೆ ಮರಳಿದ ಮೇಲೆ, ಅರವತ್ತರ ಹರೆಯದಲ್ಲಿ ಸ್ಟೇರಿಂಗ್ ಹಿಡಿದವರು ಅವರು. ಮಾಡಿಸಿದ್ದು ಬರೀ ಥರ್ಡ್ ಪಾರ್ಟಿ. ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಯನ್ನು ಕಂಪನಿ ತುಂಬಿಕೊಡುತ್ತದೆ; ನಮ್ಮ ಕಾರು ಜಜ್ಜಿದರೆ ನಮ್ಮ ಕರ್ಮ! ಇದನ್ನು ಕೇಳಿ ಚಿಕ್ಕಮ್ಮನಿಗೆ ಎಲ್ಲಿಲ್ಲದ ಸಂತೋಷ. ಅಂದಿನಿಂದ ದಾರಿಹೋಕರೆಲ್ಲ ಅವರಿಗೆ ಸ್ವಂತದವರಾದರು. ಹೆಮ್ಮಾಡಿಯಲ್ಲಿ ಫೋನ್ ನೋಡುತ್ತ ರಸ್ತೆ ದಾಟುತ್ತಿದ್ದವನೊಬ್ಬನನ್ನು ತಡೆದು, ನಿನ್ನ ಹೆಸರಲ್ಲಿ ನಾನು ವರ್ಷ ವರ್ಷ ಹಣ ಕಟ್ಟುತ್ತಿದ್ದೇನೆ, ನೆಟ್ಟಗೆ ನಡಿ ಎಂದು ಗದರಿದರಂತೆ. ಈಕೆ ಯಾವ ಕಡೆಯಿಂದ ತನಗೆ ಅತ್ತೆ ಎಂದು ಅವನು ಇವತ್ತಿಗೂ ಹುಡುಕುತ್ತಿರಬೇಕು!

ಪಾಲಿಸಿಯಲ್ಲಿ ಒಂದು ಷರತ್ತಿದೆ: ಕಂಪನಿಯನ್ನು ಕೇಳದೆ ತಪ್ಪು ಒಪ್ಪಿಕೊಳ್ಳಬಾರದು. ಚಿಕ್ಕಮ್ಮನಿಂದ ಆಗದಿರುವುದು ಇದೊಂದೇ! ನಿಂತಿದ್ದ ಇವರ ಕಾರಿಗೆ ಹಿಂದಿನಿಂದ ರಿಕ್ಷಾ ಗುದ್ದಿದಾಗಲೂ ಇಳಿದುಹೋಗಿ, ನಾನು ಇಲ್ಲಿ ನಿಲ್ಲಿಸಬಾರದಿತ್ತು ಎಂದು ಕ್ಷಮೆ ಕೇಳಿ, ರಿಕ್ಷಾದವನಿಗೆ ಎಳನೀರು ಕುಡಿಸಿ ಬಂದವರು. ಇಂಥವರನ್ನು ಇಟ್ಟುಕೊಂಡು ನಾನು ಏಜೆನ್ಸಿ ನಡೆಸುವುದು ಹೇಗೆ?

ಹೋದ ವರ್ಷ ಅವರ ಕಾರು ನಿಜಕ್ಕೂ ಒಬ್ಬನಿಗೆ ತಾಗಿತು. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಬಡಗಿ, ಬೈಕಿನಲ್ಲಿ ಹೋಗುತ್ತಿದ್ದವನು. ಬಲಗಾಲು ಮುರಿಯಿತು. ಚಿಕ್ಕಮ್ಮನ ಹೇಳಿಕೆ ಪಡೆಯಲು ಕಂಪನಿಯವರೊಬ್ಬರು ಮನೆಗೆ ಬಂದರು. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ನಾನು ಬೆಳಿಗ್ಗೆಯಿಂದ ಪಾಠ ಮಾಡಿದ್ದೆ.

"ಅವನು ರಾಂಗ್ ಸೈಡಲ್ಲಿ ಬಂದನಾ?" ಎಂದು ಬಂದವರು ಕೇಳಿದರು.

ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಬಡಗಿಯ ಪರಿಹಾರಕ್ಕೆ ಕತ್ತರಿ, ಚಿಕ್ಕಮ್ಮನ ಮೇಲಿನ ಕೇಸೂ ಹಗುರ.

"ಇಲ್ಲ. ಅವ ಸಮಾ ಬದಿಯಗೇ ಬಂದದ್ದ್. ಕಾರ್ ತಿರ್ಗ್ಸುವತಿಗೆ ನಾನೇ ಅವನ್ನ್ ಕಾಣ್ಲಿಲ್ಲ. ಬರ್ಕಣಿ."

ಅವರು ಬರೆದುಕೊಂಡರು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ!

ಅವರು ಹೋದ ಮೇಲೆ ಚಿಕ್ಕಮ್ಮ ಬಡಗಿಗೆ ಊಟದ ಡಬ್ಬಿ ತುಂಬಿಸತೊಡಗಿದರು. ದಿನಾ ಆಸ್ಪತ್ರೆಗೆ ಒಯ್ಯುತ್ತಿದ್ದರಂತೆ, ಬಸ್ಸಿನಲ್ಲಿ. ಅಪಘಾತದ ನಂತರ ಅವರು ಸ್ಟೇರಿಂಗ್ ಮುಟ್ಟಿರಲಿಲ್ಲ. ಮುಚ್ಚಳ ಎತ್ತಿಕೊಂಡವರು ಅದನ್ನು ಹಾಕುವುದು ಬಿಟ್ಟು ನನ್ನ ಕಡೆ ತಿರುಗಿದರು.

"ಮಗಾ, ಅವ ಮುಂಚಿನಂಗೆ ನಡಿತ್ನಾ?"

ಡಬ್ಬಿಯ ಮುಚ್ಚಳವನ್ನು ನಾನೇ ಒತ್ತಿ ಹಾಕಿ, ನಾನೂ ಬತ್ತೆ ಚಿಕ್ಕಿ ಎಂದೆ.