ಅರ್ಜಿ ಸಂಖ್ಯೆ 1,00,003 ಅವಿಭಾಜ್ಯವೆಂದು ಕಂಡುಬಂದಿರುವ ಬಗ್ಗೆ

ಸುತ್ತೋಲೆ

ಕ್ರಮಾಂಕ: ಸಿಬ್ಬಂದಿ/ಭಾಗಾಕಾರ/ಶೇಷ-1

ವಿಷಯ: ಟಪಾಲು ಗುಮಾಸ್ತೆಯ ಸ್ವಯಂ ನಿವೃತ್ತಿ ಅರ್ಜಿಯು ಯಾವ ಸಂಖ್ಯೆಗೂ ಬಗ್ಗದಿರುವ ಕುರಿತು.

ಉಲ್ಲೇಖ: 1) ಸದರಿ ಗುಮಾಸ್ತೆಯ ಅರ್ಜಿ ಸಂಖ್ಯೆ 1,00,003.
2) ಆಕೆಯ ಏಳು ನೆನಪೋಲೆಗಳು.
3) ಲೆಕ್ಕಶಾಖೆಯ ನಿಟ್ಟುಸಿರು (ಮೌಖಿಕ).

ಮೂವತ್ತೊಂದು ವರ್ಷ ಈ ಕಚೇರಿಯ ಟಪಾಲಿಗೆ ಮೊಹರು ಒತ್ತಿದ ಗುಮಾಸ್ತೆಯು (ಇನ್ನು ಮುಂದೆ 'ಸದರಿಯವರು') ತಮ್ಮನ್ನು ಮನೆಗೆ ಕಳುಹಿಸುವಂತೆ ಕೋರಿರುತ್ತಾರೆ. ನಿಯಮದಂತೆ ಅರ್ಜಿಯ ಸಂಖ್ಯೆಯನ್ನು ಶಾಖೆಗಳಿಗೆ ಸಮನಾಗಿ ಹಂಚಿ, ಶೇಷ ಸೊನ್ನೆಯಾದರೆ ಮಾತ್ರ ಮಂಜೂರು ಮಾಡತಕ್ಕದ್ದು. ಹಂಚಿ ನೋಡಲಾಗಿ, ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಸದರಿ ಸಂಖ್ಯೆಯನ್ನು ಎರಡು, ಮೂರು, ಆರು ಮತ್ತು ಏಳರಿಂದ ಭಾಗಿಸಲಾಗಿ, ಪ್ರತಿ ಸಲವೂ ಒಂದು ಉಳಿದಿರುತ್ತದೆ. ಈ ಒಂದು ಯಾರದೆಂದು ವಿಚಾರಿಸಲಾಗಿ ಎಲ್ಲ ಶಾಖೆಗಳೂ ಕೈತೊಳೆದುಕೊಂಡಿವೆ. ವಾರಸುದಾರರು ಬರುವವರೆಗೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದು.

2. ಸದರಿ ಸಂಖ್ಯೆಯ ವರ್ಗಮೂಲದವರೆಗೆ, ಅಂದರೆ 316ರವರೆಗೆ ಭಾಗಿಸಿದರೆ ಸಾಕು, ಆಮೇಲಿನದು ದಂಡ ಎಂದು ಲೆಕ್ಕಶಾಖೆಯ ಹಿರಿಯರು ಅಭಿಪ್ರಾಯಪಟ್ಟಿರುತ್ತಾರೆ. 'ಸಾಕು' ಎಂಬ ಪದವು ಕಚೇರಿ ಕೈಪಿಡಿಯಲ್ಲಿ ಇಲ್ಲದ ಕಾರಣ 1,00,002ರವರೆಗೂ ಭಾಗಿಸಲಾಯಿತು. ಇದರಲ್ಲಿ ಹನ್ನೆರಡು ಪೆನ್ಸಿಲು ಮತ್ತು ಒಬ್ಬ ಬೆರಳಚ್ಚುಗಾರರ ತಾಳ್ಮೆ ಮುಗಿದಿದ್ದು, ಪೆನ್ಸಿಲುಗಳನ್ನು ಮಾತ್ರ ಭರ್ತಿ ಮಾಡಲಾಗುವುದು.

3. ಸಂಖ್ಯೆಯು ಒಂದರಿಂದಲೂ ತನ್ನಿಂದಲೂ ಭಾಗವಾಗುತ್ತದಲ್ಲ ಎಂಬ ಸದರಿಯವರ ವಾದವನ್ನು ತಳ್ಳಿಹಾಕಲಾಗಿದೆ. ಎಲ್ಲವನ್ನೂ ಒಂದೇ ಶಾಖೆಗೆ ಕೊಡುವುದು ಪಕ್ಷಪಾತ. ತನ್ನನ್ನು ತಾನೇ ಭಾಗಿಸಿಕೊಳ್ಳುವುದು ಅಶಿಸ್ತು.

4. ಆದ್ದರಿಂದ ಅರ್ಜಿಯು ಅವಿಭಾಜ್ಯ. ಅವಿಭಾಜ್ಯ ಅರ್ಜಿ ಕೊಟ್ಟವರು ಇಲಾಖೆಯ ಅವಿಭಾಜ್ಯ ಅಂಗ. ಬೀಳ್ಕೊಡುಗೆ ಭಾಷಣಗಳಲ್ಲಿ ಬಾಯಿಮಾತಿಗೆ ಹೇಳುತ್ತಿದ್ದ ಈ ಮಾತನ್ನು ಇನ್ನು ಮುಂದೆ ಅಕ್ಷರಶಃ ಪಾಲಿಸತಕ್ಕದ್ದು. ಅಂಗಗಳನ್ನು ಮನೆಗೆ ಕಳುಹಿಸಲು ಅವಕಾಶವಿರುವುದಿಲ್ಲ.

5. ಸದರಿಯವರು ನೀಡಿದ ಸಮಜಾಯಿಷಿ: "ಅಕ್ಕನಿಗೆ ದಿನದಿನಕ್ಕೆ ಕಣ್ಣು ಮಂಜಾಗ್ತಿದೆ ಸಾರ್. ನನ್ನ ಮುಖ ಅವಳಿಗೆ ಕಾಣೋವಾಗ್ಲೇ ಹೋಗಿ ಜೊತೆಗಿರ್ಬೇಕು. ನಂಬರಿಗೂ ನನಗೂ ಏನ್ ಸಂಬಂಧ?" ಇದನ್ನು ಓದಿ ಇಲಾಖೆಯ ಮನಸ್ಸು ಕಲಕಿದೆ. ಮನಸ್ಸು ಕಲಕಿದ್ದಕ್ಕೆ ನಮೂನೆ ಇಲ್ಲದಿರುವುದರಿಂದ, ಗುರುತಿನ ಚೀಟಿಯ ಭಾವಚಿತ್ರವನ್ನು ದೊಡ್ಡದು ಮಾಡಿಸಿ ಸದರಿ ಅಕ್ಕನವರಿಗೆ ಕಳುಹಿಸಲಾಗುವುದು.

6. ಸದರಿಯವರು ಪಟ್ಟು ಬಿಡದೆ ಮತ್ತೊಂದು ಅರ್ಜಿ ಕೊಟ್ಟಿದ್ದು, ಅದರ ಸಂಖ್ಯೆ 1,00,004. ಇದು ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗಿರುತ್ತದೆ. ಈ ಪ್ರಕಾರ ಸದರಿಯವರ ನಾಲ್ಕನೇ ಒಂದು ಭಾಗವನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿದೆ. ಯಾವ ಭಾಗ ಎಂಬುದನ್ನು ಮೂರು ಪ್ರತಿಗಳಲ್ಲಿ ತಿಳಿಸತಕ್ಕದ್ದು. ಮೊಹರು ಒತ್ತುವ ಬಲಗೈಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

7. ಉಳಿದ ಮುಕ್ಕಾಲು ಭಾಗವು ಎಂದಿನಂತೆ ಹತ್ತು ಗಂಟೆಗೆ ಹಾಜರಿರತಕ್ಕದ್ದು. ಈ ಸುತ್ತೋಲೆಯು ಟಪಾಲು ಶಾಖೆಯಿಂದ ರವಾನೆಯಾದ ಕ್ಷಣದಿಂದ ಜಾರಿಗೆ ಬರುತ್ತದೆ.

(ಸಹಿ ಓದಲು ಬರುವುದಿಲ್ಲ)
ಮುಖ್ಯಾಧಿಕಾರಿ, ಭಾಗಾಕಾರ ವಿಭಾಗ

ಪ್ರತಿಗಳು:
1. ಎಲ್ಲ ಶಾಖೆಗಳಿಗೆ, ಹಂಚಿಕೊಳ್ಳಲು.
2. ಲೆಕ್ಕಶಾಖೆಯ ಹಿರಿಯರಿಗೆ, ಸುಮ್ಮನಿರಲು.
3. ಸದರಿಯವರ ಅಕ್ಕನವರಿಗೆ, ದಪ್ಪ ಅಕ್ಷರದಲ್ಲಿ.
4. ಟಪಾಲು ಗುಮಾಸ್ತೆಗೆ, ಮೇಲಿನ ಎಲ್ಲರಿಗೂ ರವಾನಿಸಲು.

ಜವಾನರ ಷರಾ: ನಾಲ್ಕನೇ ಪ್ರತಿ ವಾಪಸು. ಕುರ್ಚಿ ಖಾಲಿ ಇದೆ. ಅಮ್ಮಾವ್ರು ಬೆಳಿಗ್ಗೆಯೇ ಇಡಿಯಾಗಿ ಅಕ್ಕನ ಮನೆಗೆ ಹೋದರು. ರವಾನೆ ಮಾಡುವವರಿಲ್ಲದ ಕಾರಣ ಸುತ್ತೋಲೆ ಜಾರಿಗೆ ಬಂದಿರುವುದಿಲ್ಲ.