ಗಿಡ್ಡ ಸೈಕಲ್ಲು, ಉದ್ದನೆ ಮಾಸ್ತರ

ಉದ್ದನೆಯ ಮನುಷ್ಯ ಗಿಡ್ಡ ಸೈಕಲ್ ಹತ್ತಿದರೆ ವಾರಕ್ಕೊಂದು ಫಜೀತಿ ಖಾಯಂ. ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ನನ್ನ ಮನೆ ಎಲ್ಲಿ ಅಂತ ಕೇಳಿಕೊಂಡು ಬರುತ್ತವೆ.

ನಾನು ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಎತ್ತರ ಆರಡಿ ಎರಡಿಂಚು. ಮನೆಯಲ್ಲಿದ್ದದ್ದು ಒಂದೇ ಸ್ಕೂಟಿ. ನರ್ಸ್ ಕೆಲಸದ ನನ್ನ ಹೆಂಡತಿಗೆ ದೂರದ ಆಸ್ಪತ್ರೆಗೆ ಡ್ಯೂಟಿ ಬಿದ್ದ ದಿನ ಅದು ಅವಳ ಪಾಲಾಯಿತು. ನಾವಿರುವುದು ಬಾಡಿಗೆ ಮನೆಯ ಮೂರನೇ ಮಹಡಿ. ಮೆಟ್ಟಿಲು ಕಿರಿದು. ಕೆಳಗೆ ಸೈಕಲ್ ನಿಲ್ಲಿಸಿದರೆ ಮಾಲೀಕರ ಎಮ್ಮೆ ಅದಕ್ಕೆ ಮೈ ಉಜ್ಜಿಕೊಳ್ಳುತ್ತದೆ. ಹೀಗಾಗಿ ಮಡಚಿ ಮಂಚದ ಕೆಳಗೆ ತಳ್ಳಬಹುದಾದ, ಬೋಗುಣಿಯಷ್ಟು ಗಾಲಿಯ ಒಂದು ಅಗ್ಗದ ಸೈಕಲ್ ತಗೊಂಡೆ. ಅದನ್ನು ನನ್ನ ಅಳತೆಗೆ ತರಲು ಹೋಗಿ ಆದದ್ದೇ ಇದೆಲ್ಲ.

೧. ಅಜ್ಜಿಯ ಸಲಹೆ

ದೋಣಿಮಲೈ ಕ್ವಾರ್ಟರ್ಸಿನ ಒಬ್ಬ ಇಂಜಿನಿಯರಿಗೆ ವರ್ಗವಾಗಿತ್ತು. ಮಗಳಿಗೆಂದು ತಂದಿದ್ದ ಮಡಚೋ ಸೈಕಲ್ಲನ್ನು ಮಾರುತ್ತಾನೆಂದು ತಿಳಿದು ಹೋದೆ. ಆತ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೇಳಿದ, "ಹುಡುಗಗ ವಯಸ್ಸೆಷ್ಟ್ರಿ?"

"ನಲವತ್ತೆಂಟು" ಅಂದೆ. ಆತ ದುಡ್ಡು ಎಣಿಸಿಕೊಂಡು ಸೈಕಲ್ ಕೊಟ್ಟ.

ಮಡಚಿದ ಸೈಕಲ್ ಹೊತ್ತುಕೊಂಡು ಬಸ್ ಹತ್ತಿದೆ. ಕಂಡಕ್ಟರು ಅದರ ಸುತ್ತ ಒಂದು ಸುತ್ತು ಹಾಕಿ, "ಇದು ಲಗೇಜೋ, ಪ್ಯಾಸೆಂಜರೋ?" ಅಂದ. ಲಗೇಜು ಅಂತ ತೀರ್ಮಾನವಾಯಿತು. ಸಂಡೂರಿನಲ್ಲಿ ಬಸ್ ತುಂಬಿತು. ಒಂದು ತಿರುವಿನಲ್ಲಿ ಡ್ರೈವರ್ ಬ್ರೇಕ್ ಹಾಕಿದ್ದೇ ತಡ, ಸೈಕಲ್ಲಿನ ಕೊಂಡಿ ಕಳಚಿ ಅದು ತಾನೇ ಬಿಚ್ಚಿಕೊಂಡು ನಡುದಾರಿಯಲ್ಲಿ ನೆಟ್ಟಗೆ ನಿಂತಿತು. ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ಒಬ್ಬ ಅಜ್ಜಿ ಯಾರ ಅಪ್ಪಣೆಗೂ ಕಾಯದೆ ಅದರ ಸೀಟಿನ ಮೇಲೆ ಕುಂತುಬಿಟ್ಟಳು. ಹೊಸಪೇಟೆ ಬರುವವರೆಗೂ ನಾನು ಹ್ಯಾಂಡಲ್ ಹಿಡಿದು ನಿಂತೆ, ಅಜ್ಜಿ ಎಲೆ ಅಡಿಕೆ ಮೆಲ್ಲುತ್ತ ಕುಂತಿದ್ದಳು. ಇಳಿಯುವಾಗ ಸೊಂಟ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಧನ್ಯವಾದ ಹೇಳುತ್ತಾಳೆ ಅಂದುಕೊಂಡೆ.

"ಸೀಟು ಭಾಳ ಗಟ್ಟಿ ಐತಪ್ಪ. ಮೊದಲ ಅದನ್ನ ಬದಲಾಯಿಸು. ನಾಳೆ ಇನ್ನೊಬ್ಬರು ಕುಂದ್ರಬೇಕಲ್ಲ?"

೨. ಬಿಟ್ಟು ಬಂದ ಟ್ರೈಲರು

ಅಜ್ಜಿ ಹೇಳಿದ್ದು ಖರೆ ಇತ್ತು. ನಮ್ಮ ಓಣಿಯ ಸೈಕಲ್ ಅಂಗಡಿಯ ಚಾಚಾ ಹಾಲಿನವರ ಹಳೇ ಸೈಕಲ್ಲಿನಿಂದ ಸ್ಪ್ರಿಂಗ್ ಇದ್ದ ಅಗಲವಾದ ಸೀಟು ಕಳಚಿ ಹಾಕಿಕೊಟ್ಟ. ಕೂತರೆ ಸೋಫಾ. ಆದರೆ ಪೆಡಲ್ ತುಳಿದಾಗೆಲ್ಲ ಮೊಣಕಾಲು ಗದ್ದಕ್ಕೆ ಬಡಿಯುತ್ತಿತ್ತು. ಸೀಟು ಇನ್ನೂ ಒಂದು ಗೇಣು ಮೇಲೆ ಹೋಗಬೇಕು ಅಂದೆ.

"ಮಾಸ್ತರ್ರ, ಕಂಪನಿಯವರು ನಿಮ್ಮಂಥೋರನ್ನ ನೆನಸಿಕೊಂಡು ಇದನ್ನ ಮಾಡಿಲ್ಲ" ಅಂದ ಚಾಚಾ. "ಇಷ್ಟುದ್ದದ ಪೈಪು ನನ್ನ ಹತ್ರ ಸಿಗಂಗಿಲ್ಲ. ವೆಲ್ಡಿಂಗ್‌ನವರ ಕಡೆ ಹೋಗ್ರಿ."

ವೆಲ್ಡಿಂಗ್‌ನವನು ಟ್ರ್ಯಾಕ್ಟರ್ ಟ್ರೈಲರ್ ಮಾಡುವವನು. ಸೈಕಲ್ಲಿನ ಕಡೆ ನೋಡದೆ ನನ್ನ ಕಡೆ ನೋಡಿ ಕೇಳಿದ, "ಎಷ್ಟು ಲೋಡ್ ಹೊರಬೇಕ್ರಿ?"

"ನನ್ನೊಬ್ಬನ್ನ."

ಜೋಳದ ಚೀಲ ಅಂದಾಜು ಮಾಡುವವನಂತೆ ನನ್ನ ಸುತ್ತ ನಡೆದು, ದಪ್ಪನೆಯ ಕಬ್ಬಿಣದ ಪೈಪು ಕೊಯ್ದ. ಹ್ಯಾಂಡಲ್ಲಿಗೂ ಅಂಥದೇ ಒಂದು ತುಂಡು ಜೋಡಿಸಿ ಎತ್ತರ ಮಾಡಿದ. "ಸೈಕಲ್ ಮುರೀಬಹುದು ಸರ, ನನ್ನ ಪೈಪ್ ಮುರಿಯಂಗಿಲ್ಲ" ಅಂದ. ಮೊಣಕಾಲಿಗೂ ಗದ್ದಕ್ಕೂ ಸಂಬಂಧ ಕಡಿದುಹೋಯಿತು. ಇಷ್ಟಾದ ಮೇಲೆ ಅವನಿಗೆ ತನ್ನ ಕೆಲಸದ ಅಭಿಮಾನ ತಡೆಯಲಾಗಲಿಲ್ಲ. ತಾನು ಮಾಡಿದ ಎಲ್ಲ ಟ್ರೈಲರಿಗೂ ಹಾಕುವಂತೆ ನನ್ನ ಸೀಟಿನ ಹಿಂದೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿ, ಅದರ ಕೆಳಗೆ ಹಳದಿ ಬಣ್ಣದಲ್ಲಿ 'ಗಟ್ಟಿಮುಟ್ಟಾದ ಟ್ರೈಲರ್' ಅಂತ ಬರೆದುಬಿಟ್ಟ.

ಮರುದಿನ ಪಾಪಿನಾಯಕನಹಳ್ಳಿ ಕಡೆ ಸುಮ್ಮನೆ ಒಂದು ಸುತ್ತು ಹೊರಟೆ. ಹಿಂದಿನಿಂದ ಬಂದ ರೈತನೊಬ್ಬ ಸೀಟಿನ ಹಿಂದಿನ ಬರಹ ಓದಿ, ಟ್ರ್ಯಾಕ್ಟರ್ ನನ್ನ ಪಕ್ಕಕ್ಕೆ ತಂದು ಕೂಗಿದ, "ಸರ, ನಿಲ್ಲಿಸ್ರಿ! ನಿಮ್ಮ ಟ್ರೈಲರ್ ಎಲ್ಯೋ ಕಳಚಿ ಬಿದ್ದೈತಿ, ಬರೇ ಇಂಜಿನ್ ಓಡಿಸಿಕೊಂಡು ಹೊಂಟೀರಿ!"

೩. ಇಳಿಯುವ ಮದುಮಗ

ವೆಲ್ಡಿಂಗ್‌ನವನ ಪೈಪು ಸೈಕಲ್ಲಿನ ತೂತಿಗಿಂತ ಒಂಚೂರು ಸಣ್ಣದು. ಆ ಸಂದಿಗೆ ಚಾಚಾ ಕೂಲ್‌ಡ್ರಿಂಕ್ ಡಬ್ಬಿಯ ತಗಡು ಕತ್ತರಿಸಿ ಸುತ್ತಿ, "ಹತ್ತು ವರ್ಷ ಅಲುಗಂಗಿಲ್ಲ" ಅಂದ. ಹತ್ತು ದಿನ ಅಲುಗಲಿಲ್ಲ.

ಹನ್ನೊಂದನೇ ದಿನ ಭಾನುವಾರ. ಹಂಪಿಗೆ ಹೋಗಿದ್ದೆ. ಕಲ್ಲಿನ ಮಂಟಪದ ಹತ್ತಿರ ಮದುವೆಗೆ ಮುಂಚಿನ ಫೋಟೋ ಶೂಟಿಂಗ್ ನಡೆದಿತ್ತು. ಹುಡುಗ, ಹುಡುಗಿ, ಎರಡೂ ಕಡೆಯ ಹೆಂಗಸರು. ಫೋಟೋಗ್ರಾಫರ್ ನನ್ನ ಸೈಕಲ್ ನೋಡಿ ಓಡಿಬಂದ. "ಅಂಕಲ್, ಭಾಳ ಕ್ಯೂಟ್ ಐತಿ, ಐದ ನಿಮಿಷ ಕೊಡ್ರಿ." ಸೈಕಲ್ಲಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಕೊಟ್ಟೆ.

ಹುಡುಗ ಸೀಟಿನ ಮೇಲೆ ಕೂತ. ಹುಡುಗಿ ಪಕ್ಕದಲ್ಲಿ ನಿಂತು ಅವನ ಭುಜದ ಮೇಲೆ ಕೈ ಇಟ್ಟಳು. ಕ್ಲಿಕ್. "ನಗ್ರಿ." ಕ್ಲಿಕ್. "ಆಕಾಶ ನೋಡ್ರಿ." ಕ್ಲಿಕ್. ತಗಡು ಜಾರಿ ಸೀಟು ಒಂದೊಂದೇ ದಾರದೆಳೆಯಷ್ಟು ಕೆಳಗಿಳಿಯುತ್ತಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಆಕಾಶ ನೋಡುತ್ತಿದ್ದ ಮದುಮಗನಿಗಂತೂ ಗೊತ್ತಾಗುವ ಹಂಗೇ ಇರಲಿಲ್ಲ.

ಮುಗಿದ ಮೇಲೆ ಹುಡುಗಿಯ ತಾಯಿ ಕ್ಯಾಮೆರಾದಲ್ಲಿ ಒಂದೊಂದೇ ಫೋಟೋ ನೋಡುತ್ತ ಹೋದರು. ನೋಡುತ್ತ ನೋಡುತ್ತ ಮುಖ ಬಿಗಿಯಾಯಿತು. "ಏನ್ರೀ ಇದು? ಮೊದಲನೇ ಫೋಟೋದಾಗ ಅಳಿಯಂದ್ರು ನಮ್ಮ ಹುಡುಗಿಗಿಂತ ಎತ್ತರ ಅದಾರ. ಕಡೇ ಫೋಟೋದಾಗ ಆಕಿ ಕಿವಿಗೆ ಬಂದಾರ. ಖರೇನ ಇವ್ರು ಎಷ್ಟು ಎತ್ತರ?"

ಹುಡುಗನ ಸೋದರತ್ತೆ ಸಿಟ್ಟಾದರು. ನಾನು ನಡುವೆ ಬಿದ್ದು, ತಪ್ಪು ಹುಡುಗನದಲ್ಲ, ಸೀಟಿನದು ಅಂತ ವಿವರಿಸಿದೆ. ಗಣಿತದ ಮಾಸ್ತರ ಅಂತ ಬೇರೆ ಹೇಳಿಕೊಂಡೆ. ಅದೇ ತಪ್ಪಾಯಿತು. "ಹಂಗಾದ್ರ ನೀವ ಅಳೀರಿ" ಅಂದರು ಹುಡುಗಿಯ ತಾಯಿ. ಯಾರೋ ಟೇಪು ತಂದರು. ಹುಡುಗನನ್ನು ಕಂಬಕ್ಕೆ ಆನಿಸಿ ನಿಲ್ಲಿಸಿ ಅಳೆದೆ.

ಸೀಟು ಇಳಿದದ್ದು ನಾಲ್ಕು ಇಂಚು. ಬಯೋಡಾಟಾದಲ್ಲಿ ಬರೆದ ಎತ್ತರ ಇಳಿದದ್ದು ಎರಡು.

೪. ಚಡ್ಡಿ

ಸೀಟು ಎಷ್ಟೇ ಮೆತ್ತಗಿದ್ದರೂ ದೂರ ಹೋದರೆ ಕೂಡುವ ಜಾಗ ಉರಿಯುತ್ತದೆ. ಅದಕ್ಕೆ ಒಳಗೆ ದಪ್ಪ ಮೆತ್ತೆ ಇರುವ ಸೈಕಲ್ ಚಡ್ಡಿ ತರಿಸಿದೆ. ಒಗೆದು ಮಾಳಿಗೆಯ ಮೇಲೆ ಒಣಹಾಕಿದ್ದನ್ನು ಮನೆ ಮಾಲಕಿ ನೋಡಿದರು. ಕೈಯಿಂದ ಒತ್ತಿಯೂ ನೋಡಿದರಂತೆ. ಸಂಜೆ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು, "ನೀನು ನರ್ಸ್ ಇದ್ದೀ, ನಿನಗ ತಿಳಿಯದ್ದೇನೈತಿ. ಆದ್ರೂ ಕೇಳ್ತೀನಿ. ಮಾಸ್ತರಿಗೆ ಯಾವಾಗಿಂದ ಹಿಂಗಾಗೈತವ್ವಾ?"

ನನ್ನ ಹೆಂಡತಿ ಒಂದು ಮಾತಿನಲ್ಲಿ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. "ಮನ್ಯಾಗ ಏನೂ ತೊಂದ್ರೆ ಇಲ್ರಿ. ಸೈಕಲ್ ಹತ್ತಿದಾಗಷ್ಟ ಬೇಕಾಗ್ತೈತಿ" ಅಂದಳು.

ಅಂದಿನಿಂದ ನಾನು ಬೆಳಿಗ್ಗೆ ಸೈಕಲ್ ಕೆಳಗಿಳಿಸಿದರೆ ಸಾಕು, ಮಾಲಕಿ ಇಡೀ ಓಣಿಗೆ ಕೇಳುವ ಹಾಗೆ ಕೂಗುತ್ತಾರೆ: "ಮಾಸ್ತರ್ರ, ಹತ್ತೋಕ ಮುಂಚೆ ಒಂದ ಸಲ ಹೋಗಿ ಬಂದುಬಿಡ್ರಿ!"

೫. ಸಂಡೂರಿನ ದಾಖಲೆ

ಚಾಚಾ ಏಳು ಗೇರು ಹಾಕಿಕೊಟ್ಟಿದ್ದ. ಅದರಲ್ಲಿ ಎರಡು ನಾನು ಹೇಳಿದಾಗ ಬೀಳುತ್ತಿದ್ದವು, ಉಳಿದ ಐದು ತಮಗೆ ಮನಸ್ಸು ಬಂದಾಗ. ಆ ಧೈರ್ಯದ ಮೇಲೆ ಊರಿನ ಸೈಕಲ್ ತಂಡದ ಜೊತೆ ಸಂಡೂರಿಗೆ ಹೊರಟೆ. ಅವರೆಲ್ಲ ಮೈಗಂಟಿದ ಬಟ್ಟೆ ತೊಟ್ಟ ತರುಣರು. ಅವರ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ನನ್ನದು ಮೂರು ಸುತ್ತು ತಿರುಗಿ ಸುಸ್ತಾಗುತ್ತಿತ್ತು. ಏರು ಶುರುವಾದ ಮೇಲೆ ಅವರ ಬೆನ್ನೂ ಕಾಣಲಿಲ್ಲ.

ಏದುಸಿರು ಬಿಡುತ್ತ ತಳ್ಳಿಕೊಂಡು ಹೋಗುತ್ತಿದ್ದೆ. ಅದಿರು ತುಂಬಲು ಖಾಲಿ ಹೊರಟಿದ್ದ ಲಾರಿಯೊಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ಕನಿಕರದಿಂದ ಕೇಳಿದ, "ಏನ್ ಸಾರ್, ಯಾರರ ಶಿಕ್ಷೆ ಕೊಟ್ಟಾರೇನು?"

ಮಾನ ಮುಖ್ಯವೋ ಪ್ರಾಣ ಮುಖ್ಯವೋ ಅಂತ ಬಹಳ ಯೋಚಿಸಲಿಲ್ಲ. ಸೈಕಲ್ ಮಡಚಿ ಲಾರಿಗೆ ಎಸೆದು ಹತ್ತಿ ಕೂತೆ. ಚಹಾ ಕುಡಿಯುತ್ತಿದ್ದ ತಂಡವನ್ನು ದಾರಿಯಲ್ಲೆಲ್ಲೋ ದಾಟಿದೆವು. ನಾನು ಸೀಟಿನ ಕೆಳಗೆ ಬಗ್ಗಿದ್ದೆ.

ಅವರು ಸಂಡೂರಿನ ಹೋಟೆಲ್ಲಿಗೆ ಬರುವಷ್ಟರಲ್ಲಿ ನಾನು ಮಂಡಕ್ಕಿ ಒಗ್ಗರಣೆ ಮುಗಿಸಿ ಎರಡನೇ ಮಿರ್ಚಿ ಕಡಿಯುತ್ತಿದ್ದೆ. ತಂಡದ ನಾಯಕ ಬಾಗಿಲಲ್ಲೇ ನಿಂತುಬಿಟ್ಟ. "ಸರ, ನೀವು ಯಾವಾಗ ನಮ್ಮನ್ನ ದಾಟಿದ್ರಿ? ಅದೂ ಈ ಸೈಕಲ್ ಮ್ಯಾಲ!" ನಾನು ಸುಳ್ಳು ಹೇಳಲಿಲ್ಲ. ಬಾಯಲ್ಲಿ ಮಿರ್ಚಿ ಇತ್ತು, ಅದಕ್ಕೆ ಬರೇ ನಕ್ಕೆ. ಆತ ಎಲ್ಲರನ್ನೂ ನಿಲ್ಲಿಸಿ, "ನೋಡ್ರಿ, ಸೈಕಲ್ ದೊಡ್ಡದಿದ್ರ ಆಗಲ್ಲ, ಮನಸ್ಸು ದೊಡ್ಡದಿರಬೇಕು" ಅಂತ ಭಾಷಣ ಶುರು ಮಾಡಿದ. ಚಪ್ಪಾಳೆ ಬಿತ್ತು. ನನಗೂ ಒಂದು ಗಳಿಗೆ ನಾನೇ ತುಳಿದುಕೊಂಡು ಬಂದೆ ಅನ್ನಿಸತೊಡಗಿತು.

ಅಷ್ಟರಲ್ಲಿ ಬಾಗಿಲಿನಿಂದ ಲಾರಿ ಡ್ರೈವರ್ ಬಂದ. "ಸಾರ್, ನಿಮ್ಮ ಹೆಲ್ಮೆಟ್ ನನ್ನ ಸೀಟಿನ ಕೆಳಗ ಬಿಟ್ಟೀರಿ."

೬. ಕಂಪ್ಲಿಯ ಡಬ್ಬಿ

ನನ್ನ ಹೆಂಡತಿಯ ತಂಗಿಯನ್ನು ಕೊಟ್ಟಿರುವುದು ಕಂಪ್ಲಿಗೆ. ಆಕೆಯ ಗಂಡ, ಅಂದರೆ ನನ್ನ ಷಡ್ಡಕ, ಅಕ್ಕಿ ಗಿರಣಿ ಮಾಲೀಕ. ಮಾತಿಗೊಮ್ಮೆ ಮರ್ಯಾದೆ ಅನ್ನುವ ಮನುಷ್ಯ. ಅವರ ಮಗಳನ್ನು ಕುರೆಕುಪ್ಪದ ಒಂದು ಮನೆಯವರು ಮೆಚ್ಚಿದ್ದರು. ಅಂದು ಕಡೇ ಮಾತುಕತೆಗೆ ಬರುವವರಿದ್ದರು. ಹುಡುಗಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಆದರೆ ಹುಡುಗನ ತಂದೆ ಬಾಯಿ ಬಿಡದ ಮನುಷ್ಯ, ಒಪ್ಪಿಗೆ ಇದೆಯೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ.

ಹೆಂಡತಿ ಹಿಂದಿನ ದಿನವೇ ಹೋಗಿದ್ದಳು. ಹುಡುಗಿಗೆ ಕೊಡಲು ಐದು ಸ್ಟೀಲ್ ಡಬ್ಬಿ ತರಲು ನನಗೆ ಹೇಳಿದ್ದಳು. "ಬಸ್ಸಿಗೆ ಬರ್ರಿ. ಆ ಸೈಕಲ್ ತಂದು ಮಾನ ಕಳೀಬ್ಯಾಡ್ರಿ" ಅಂತಲೂ ಹೇಳಿದ್ದಳು. ಆದರೆ ಆ ವಾರವಷ್ಟೇ ಹೊಸ ದಪ್ಪ ಟಯರು ಹಾಕಿಸಿದ್ದೆ. ಗಂಟೆ ಬಾರಿಸಿದರೆ ಯಾರೂ ಸರಿಯುವುದಿಲ್ಲ ಅಂತ ಪೋಂ ಪೋಂ ಅನ್ನುವ ರಬ್ಬರಿನ ಹಾರನ್ನೂ ಹಾಕಿಸಿದ್ದೆ. ಬಸ್ಸಿಗೆ ಹೋಗಲು ಮನಸ್ಸು ಬರಲಿಲ್ಲ.

ಕಮಲಾಪುರ ದಾಟಿ, ಬಾಳೆ ತೋಟ, ಕಬ್ಬಿನ ಹೊಲಗಳ ನಡುವೆ ಹಾಯಾಗಿ ತುಳಿದೆ. ಒಂದು ಗುಂಡಿಯಲ್ಲಿ ಮಾತ್ರ ಡಬ್ಬಿಯ ಚೀಲ ಹರಿಯಿತು. ಐದೂ ಡಬ್ಬಿಗಳನ್ನು ಹಗ್ಗದಿಂದ ಹ್ಯಾಂಡಲ್ಲಿಗೆ, ಕ್ಯಾರಿಯರಿಗೆ ಕಟ್ಟಿದೆ. ಬಿಸಿಲಿಗೆ ತಲೆಗೊಂದು ಟವೆಲ್ ಸುತ್ತಿದೆ. ಹೀಗೆ ಗಣಗಣ ಸದ್ದು ಮಾಡುತ್ತ ಷಡ್ಡಕನ ಓಣಿಗೆ ತಿರುಗಿದವನು, ಅಡ್ಡ ನಿಂತ ಆಕಳಿಗೆ ಪೋಂ ಪೋಂ ಅಂದೆ.

ಒಂದು ಬಾಗಿಲಿನಿಂದ ಮುದುಕಿಯೊಬ್ಬಳು ಕೂಗಿದಳು, "ಏ ಪಾತ್ರಿಯವ, ನಿಲ್ಲೋ!"

ತಲೆ ಬಾಚಿದಾಗ ಉದುರಿದ ಕೂದಲು ತಗೊಂಡು ಪಾತ್ರೆ ಕೊಡುವವರು ನಮ್ಮ ಕಡೆ ಓಣಿ ಓಣಿ ತಿರುಗುತ್ತಾರೆ. ಮುದುಕಿ ಕೂದಲಿನ ಗಂಟೊಂದನ್ನು ನನ್ನ ಕೈಯಲ್ಲಿಟ್ಟು, ದೊಡ್ಡ ಡಬ್ಬಿ ಹಿಡಿದುಕೊಂಡಳು.

"ಅಮ್ಮಾ, ನಾನು ಮಾಸ್ತರ!"

"ಮಾಸ್ತರಾಗಿ ಈ ಧಂದೆಕ್ಕ ಬಂದೀಯಾ? ಪಾಪ" ಅಂದಳೇ ಹೊರತು ಡಬ್ಬಿ ಬಿಡಲಿಲ್ಲ.

ಇನ್ನೂ ನಾಲ್ಕು ಹೆಂಗಸರು ಗಂಟು ಹಿಡಿದು ಬಂದರು. "ಹೋದ ಸಲದವ ಒಂದು ಚಮಚ ಕೊಟ್ಟು ಓಡಿಹೋದ. ಇವನ್ನ ಬಿಡಬ್ಯಾಡ್ರೇ" ಅಂತ ಒಬ್ಬಳು ಕ್ಯಾರಿಯರ್ ಹಿಡಿದು ನಿಂತಳು. ಮನೆಯವರು ಯಾರಾದರೂ ಬರಲಿ ಅಂತ ಮತ್ತೆ ಹಾರನ್ ಒತ್ತಿದೆ. ಪಕ್ಕದ ಓಣಿಯ ಹೆಂಗಸರು ಬಂದರು.

ಗದ್ದಲಕ್ಕೆ ಷಡ್ಡಕನ ಮನೆಯ ಗೇಟು ತೆರೆಯಿತು. ಷಡ್ಡಕ, ಅವನ ಹಿಂದೆ ಹುಡುಗನ ತಂದೆ, ತಾಯಿ. ನನ್ನನ್ನು ಕಂಡ ಷಡ್ಡಕನ ಮುಖ ಬಾಡಿತು.

"ಯಾರ್ರಿ ಇವ್ರು?" ಅಂದರು ಹುಡುಗನ ತಂದೆ. ಅಂದು ಅವರಾಡಿದ ಮೊದಲ ಮಾತೇ ಅದಂತೆ.

"ಯಾರೋ ಪಾತ್ರಿ ವ್ಯಾಪಾರಿ. ವಾರಕ್ಕೊಮ್ಮೆ ಬರ್ತಾನ್ರಿ" ಅಂದ ಷಡ್ಡಕ. ನನ್ನ ಕಡೆ ತಿರುಗಿ, "ಮುಂದ ಹೋಗಪ್ಪಾ" ಅಂತ ಕೈ ಬೀಸಿದ.

ಮಗುವಿನ ಮದುವೆಯಲ್ಲವೇ, ಹೋಗಿಬಿಡೋಣ ಅಂತ ಸೈಕಲ್ ತಿರುಗಿಸಿದೆ. ಅಷ್ಟರಲ್ಲಿ ಮಾಳಿಗೆಯ ಕಿಟಕಿಯಿಂದ ಮದುಮಗಳ ದನಿ ಬಂತು. "ದೊಡ್ಡಮ್ಮಾ, ಜಲ್ದಿ ಬಾ! ದೊಡ್ಡಪ್ಪ ಡಬ್ಬಿ ಮಾರಾಕತ್ಯಾನ!"

ಹುಡುಗನ ತಂದೆ ನಿಧಾನಕ್ಕೆ ಷಡ್ಡಕನ ಕಡೆ ತಿರುಗಿದರು. "ವಾರಕ್ಕೊಮ್ಮೆ ಬರೋ ದೊಡ್ಡಪ್ಪ ಏನ್ರಿ?"

ಸಂಬಂಧ ಮುರಿಯಿತು, ನನ್ನ ಗಾಲಿಯ ಕೆಳಗೇ ಮುರಿಯಿತು ಅಂತ ನಾನು ತಲೆ ತಗ್ಗಿಸಿದೆ. ಹೆಂಡತಿ ಹೊರಗೆ ಬಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು.

ಆಗ ಹುಡುಗನ ತಾಯಿ ಮೆಟ್ಟಿಲಿಳಿದು ಬಂದರು. ಒಂದು ಡಬ್ಬಿಯನ್ನು ಬೆರಳಿನಿಂದ ಟಣ್ ಟಣ್ ಅನ್ನಿಸಿದರು. ಮುಚ್ಚಳ ತೆಗೆದು ಹಾಕಿ ನೋಡಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು, "ಮಾಲು ಗಟ್ಟಿ ಐತಿ. ನಮ್ಮ ಕುರೆಕುಪ್ಪಕ್ಕೂ ಬರ್ತೀರೇನ್ರಿ, ಬೀಗರ?"

ಬೀಗರು! ಆ ಒಂದು ಮಾತು ಕೇಳಿದ್ದೇ ತಡ, ಬಾಯಿ ಬಿಡದ ಹುಡುಗನ ತಂದೆ ಹೊಟ್ಟೆ ಹಿಡಿದು ನಗತೊಡಗಿದರು. ಷಡ್ಡಕ ಅಳುವುದೋ ನಗುವುದೋ ತಿಳಿಯದೆ ಬಂದು ನನ್ನನ್ನು ತಬ್ಬಿಕೊಂಡ. ಒಳಗಿನಿಂದ ಯಾರೋ ಸಕ್ಕರೆ ತಟ್ಟೆ ತಂದರು. ಓಣಿಯ ಹೆಂಗಸರೂ ಸಕ್ಕರೆ ಬಾಯಿಗೆ ಹಾಕಿಕೊಂಡರು.

ಆ ಮುದುಕಿ ಮಾತ್ರ ಸಕ್ಕರೆ ಮುಟ್ಟಲಿಲ್ಲ. ಎರಡೂ ಕೈ ಡಬ್ಬಿಯ ಮೇಲಿದ್ದವು.

"ಬೀಗರಾದ್ರ ಆಗ್ರಿ, ಬ್ಯಾಡನ್ನೋರು ಯಾರು?" ಅಂದಳು. "ಕೂದಲು ಇಸಗೊಂಡೀಯಲ್ಲ, ನನ್ನ ಡಬ್ಬಿ ಬಿಚ್ಚಿ ಕೊಡು."